ಹೋಳಿಗೆ ಉಂಡು ಹೋದ ತಪಾಸಣೆ

ಅಂದು ನಡೆದದ್ದು ತಪಾಸಣೆಯೇ ಅಲ್ಲ, ಬೀಗರ ಉಪಚಾರ. ಬೈಲಹೊಂಗಲಕ್ಕೆ ಕಂಪ್ಯೂಟರ್ ಸೆಂಟರು ಬಂದ ಹೊಸತು. ನೌಕರಿಗೆ ಅರ್ಜಿ ಹಾಕುವ ಒಂದು ವೆಬ್‌ಸೈಟು ಕಣ್ಣಿಲ್ಲದವರಿಗೂ ಬಳಸಲು ಬರುತ್ತದೆಯೇ ಎಂದು ನೋಡಲು ಮೇಡಂ ಒಬ್ಬರು ಬಂದಿದ್ದರು. ನನ್ನ ಮೊಮ್ಮಗಳು ನೀಲವ್ವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಪರದೆಯ ಮೇಲಿನದನ್ನು ಕಂಪ್ಯೂಟರೇ ಓದಿ ಹೇಳಿದರೆ ಕೇಳಿಕೊಂಡು ಕೆಲಸ ಮಾಡುತ್ತಾಳೆ. ಅವಳೂ ಅದರಲ್ಲೇ ಅರ್ಜಿ ಹಾಕಬೇಕಿತ್ತು.

ಮೇಡಂ ನಮ್ಮ ಮನೆಯಲ್ಲಿ ಹೋಳಿಗೆ ಉಂಡು, ನೀಲವ್ವನನ್ನು ಸೆಂಟರಿಗೆ ಕರೆದೊಯ್ದು ಕೂರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಹೇಗಿದೆ ಎಂದು ಕೇಳಿದರು.

"ಭಾಳ ಛಲೋ ಐತ್ರಿ," ಅಂದಳು ಇವಳು. ಅವರು ಹಾಗೇ ಬರೆದುಕೊಂಡರು.

ಮನೆಗೆ ಬಂದ ಮೇಲೆ ಬಾಯಿ ಬಿಟ್ಟಳು. "ಪರದೆ ಮ್ಯಾಲ ಎಲ್ಲಿ ಹೋದ್ರೂ ಕಂಪ್ಯೂಟರ್ ಬರೇ ಬಟನ್, ಬಟನ್ ಅಂತತಿ ಆಯಿ. ಯಾತರ ಬಟನ್ ಅಂತ ಹೇಳೂದ ಇಲ್ಲ. ನನಗ ಅರ್ಜಿ ಹಾಕಾಕ ಆಗೂದಿಲ್ಲ."

"ಮತ್ತ ಛಲೋ ಐತಿ ಅಂತ ಯಾಕ ಅಂದಿ, ಖೋಡಿ?"

"ನಮ್ಮನ್ಯಾಗ ಉಂಡಾರ. ಅವರ ಮುಖದ ಮ್ಯಾಲ ಹ್ಯಾಂಗ ಅನ್ನೂದು?"

ಹಣೆ ಬಡಿದುಕೊಂಡೆ. ನೌಕರಿ ಹೋದರೂ ಅಡ್ಡಿಯಿಲ್ಲ, ಉಂಡವರ ಮನಸ್ಸು ನೋಯಬಾರದು!

ಮರುದಿನ ಬೆಳಿಗ್ಗೆ ಮೇಡಂ ಊರು ಬಿಡುವ ಮೊದಲೇ ನೀಲವ್ವನ ಕೈ ಹಿಡಿದುಕೊಂಡು ಸೆಂಟರಿಗೆ ಹೋದೆ. ಚಹಾ ಒಯ್ಯಲಿಲ್ಲ. ಕಂಪ್ಯೂಟರಿನ ಪರದೆಗೆ ಟವೆಲ್ ಹೊದಿಸಿ, "ಈಗ ನೀವ ಕುಂತು ಬರೇ ಕೇಳ್ಕೋಂತ ಅರ್ಜಿ ತುಂಬ್ರಿ," ಎಂದೆ ಮೇಡಂಗೆ.