ಕಡಲಿಗೆ ಒಯ್ದ ಒಂದು ಹಿಡಿ ಉಡಿಯಕ್ಕಿ

ಮಳೆಗಾಲದಲ್ಲಿ ಸಮುದ್ರ ನೋಡಲು ಹೊರಟವರಿಗೆ ನನ್ನದೊಂದು ಮಾತು. ಕೊಡೆ ಒಯ್ಯಬೇಡಿ, ಗೋಣಿಚೀಲ ಒಯ್ಯಿರಿ. ಕಡಲ ಗಾಳಿ ಎಂಥ ಕೊಡೆಯನ್ನೂ ಎರಡು ನಿಮಿಷದಲ್ಲಿ ಬೋರಲು ಮಾಡಿಬಿಡುತ್ತದೆ. ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಕೊಪ್ಪೆ ಮಾಡಿ ತಲೆಯ ಮೇಲೆ ಇಳಿಬಿಟ್ಟರೆ ಬೆನ್ನಂತೂ ಬೆಚ್ಚಗಿರುತ್ತದೆ. ನಾನು ಗೋಣಿಚೀಲದ ವ್ಯಾಪಾರಿ ಅಂತ ಹೀಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ವ್ಯಾಪಾರಿ ಹೌದು, ಆದರೆ ಮಾತು ನಿಜ.

ಕುರುಗೋಡಿನ ಮಾರ್ಕೆಟ್ಟಿನಲ್ಲಿ ಹರಿದ ಚೀಲ ಆಯ್ದು, ಹೊಲಿದು, ಮತ್ತೆ ಮಾರುತ್ತ ಶುರು ಮಾಡಿದವನು ನಾನು. ಆಮೇಲೆ ಸಿರುಗುಪ್ಪದ ಅಕ್ಕಿ ಮಿಲ್ಲುಗಳಿಗೆ ಚೀಲ ಕೊಡತೊಡಗಿದೆ. ಈಗ ಬಳ್ಳಾರಿಯಲ್ಲಿ ಸ್ವಂತ ಅಂಗಡಿ ಇದೆ. ಇಷ್ಟು ವರ್ಷದಲ್ಲಿ ಕಲಿತ ವಿದ್ಯೆ ಒಂದೇ: ದರ ಕೇಳಿದ ಮೇಲೆ ಸುಮ್ಮನಿದ್ದುಬಿಡಬೇಕು. ನೀವು ಸುಮ್ಮನಿದ್ದಷ್ಟೂ ಎದುರಿಗಿದ್ದವನು ತಾನಾಗಿ ಇಳಿಯುತ್ತಾನೆ. ಈ ವಿದ್ಯೆಯನ್ನು ಮನೆಯೊಳಗೆ ಮಾತ್ರ ತರಬೇಡಿ. ನಾನು ತಂದಿದ್ದೆ.

ನನ್ನ ಹೆಂಡತಿಯ ತವರು ಸಿರುಗುಪ್ಪ. ನಮ್ಮ ಕಡೆ ಮಗಳು ತವರಿನಿಂದ ಹೊರಡುವಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ ಹಾಕಿ ಉಡಿ ತುಂಬುತ್ತಾಳೆ. ಮಗಳು ಆ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ತಾಯಿಗೆ ವಾಪಸು ಕೊಟ್ಟೇ ಹೊಸ್ತಿಲು ದಾಟಬೇಕು. ತವರು ಬರಿದಾಗಬಾರದು ಎಂಬುದು ಅದರ ಲೆಕ್ಕ. ಎರಡು ವರ್ಷದ ಹಿಂದೆ ಅತ್ತೆ ಉಡಿ ತುಂಬುತ್ತಿದ್ದಾಗ ನಾನು ಹೊರಗೆ ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದೆ. ಬಳ್ಳಾರಿಯಲ್ಲಿ ಹಳೆ ಚೀಲದ ಹರಾಜಿತ್ತು. ಮೂರನೇ ಸಲ ಹೊಡೆದಾಗ ಇವಳು ಸೆರಗು ಕಟ್ಟಿಕೊಂಡು ಓಡಿಬಂದಳು. ಕುರುಗೋಡು ದಾಟಿದ ಮೇಲೆ ನೆನಪಾಯಿತು, ಹಿಡಿ ಅಕ್ಕಿ ಕೊಟ್ಟಿರಲಿಲ್ಲ. "ಮುಂದಿನ ಸಲ ಎರಡು ಹಿಡಿ ಕೊಟ್ಟರಾತು ಬಿಡು" ಎಂದೆ. ಮುಂದಿನ ಸಲ ಬರಲಿಲ್ಲ. ತಿಂಗಳೊಳಗೆ ಅತ್ತೆ ತೀರಿಕೊಂಡರು. ಕೆಂಚನಗುಡ್ಡದ ಹತ್ತಿರ ಅವರ ಬೂದಿಯನ್ನು ತುಂಗಭದ್ರಾ ಹೊಳೆಗೆ ಬಿಟ್ಟೆವು.

ಆ ಹಿಡಿ ಅಕ್ಕಿಯನ್ನು ಇವಳು ಹಳದಿ ಬಟ್ಟೆಯಲ್ಲಿ ಬೇವಿನೆಲೆ ಹಾಕಿ ಕಟ್ಟಿಟ್ಟಿದ್ದಳು. ಅಣ್ಣನ ಮನೆ ಇದೆಯಲ್ಲ, ಅತ್ತಿಗೆಯ ಕೈಗೆ ಕೊಡು ಎಂದರೆ, "ತುಂಬಿದಾಕಿಗೇ ಕೊಡಬೇಕ್ರಿ ಅದನ್ನ" ಅನ್ನುತ್ತಿದ್ದಳು. ಈ ಸಲ ಮುಂಗಾರು ಶುರುವಾದಾಗ ಒಂದು ಬೆಳಿಗ್ಗೆ ಚಹಾ ಮುಂದಿಟ್ಟು ಹೇಳಿದಳು.

"ಹೊಳಿ ಕಡೀಗೆ ಹೋಗಿ ಸಮುದ್ರನ ಸೇರತೈತಲ್ರಿ. ಅವ್ವ ಅಲ್ಲೇ ಅದಾಳ. ನನ್ನ ಅಲ್ಲಿಗೆ ಕರ್ಕೊಂಡು ಹೋಗ್ರಿ. ಆಕಿ ಸಮುದ್ರ ನೋಡಿದಾಕಿ ಅಲ್ಲ. ನೀ ಯಾವಾಗರೆ ನೋಡಿದ್ರ ಬಂದು ಹೇಳವಾ, ಹೆಂಗಿರತೈತಿ ಅಂತ, ಅಂತಿದ್ಲು."

ಮದುವೆಯಾಗಿ ಇಪ್ಪತ್ತೈದು ವರ್ಷ, ಅವಳು ನನ್ನಿಂದ ಕೇಳಿದ ಮೊದಲ ಪ್ರವಾಸ ಅದು.

ನಮ್ಮ ಹೊಳೆ ಯಾವ ಸಮುದ್ರಕ್ಕೆ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ನನ್ನ ಚೀಲದ ಲಾರಿಗಳು ವಿಜಯವಾಡದ ತನಕ ಹೋಗುತ್ತವೆ. ತುಂಗಭದ್ರೆ ಕೃಷ್ಣೆಯನ್ನು ಕೂಡಿಕೊಂಡು ಅದರಾಚೆ ಮೂಡಲ ಸಮುದ್ರಕ್ಕೆ ಬೀಳುತ್ತದೆ ಎಂದು ಡ್ರೈವರುಗಳು ಎಷ್ಟೋ ಸಲ ಹೇಳಿದ್ದರು. ಆದರೆ ಕುಮಟಾ ಕಡೆಯ ಒಂದು ಲಾಡ್ಜಿನಲ್ಲಿ ಮಳೆಗಾಲಕ್ಕೆ ಅರ್ಧ ದರ ಎಂದು ಕೇಳಿದ್ದೆ. ಫೋನು ಮಾಡಿ, ಸುಮ್ಮನಿದ್ದು, ಅರ್ಧದ ಮೇಲೆ ಊಟವನ್ನೂ ಸೇರಿಸಿಕೊಂಡಿದ್ದೆ. ಹೆಂಡತಿಗೆ "ಸಮುದ್ರಕ್ಕ ಹೋಗಾಣ ನಡಿ" ಎಂದೆ. ಯಾವ ಸಮುದ್ರ ಎಂದು ಅವಳು ಕೇಳಲಿಲ್ಲ. ನಾನೂ ಸುಮ್ಮನಿದ್ದೆ.

ಕುಡತಿನಿಯ ಹೊಗೆಕೊಳವೆಗಳು ಹಿಂದೆ ಸರಿಯುವ ತನಕ ಆಕಾಶದಲ್ಲಿ ಬಿಡಿಬಿಡಿ ಮೋಡ. ಹುಬ್ಬಳ್ಳಿ ದಾಟಿ ಘಟ್ಟ ಇಳಿಯುವಾಗ ಶುರುವಾದದ್ದು ಮತ್ತೆ ನಿಲ್ಲಲಿಲ್ಲ. ನಮ್ಮಲ್ಲಿ ಮಳೆ ಬರುತ್ತದೆ, ಹೋಗುತ್ತದೆ. ಅಲ್ಲಿ ಮಳೆ ಇರುತ್ತದೆ. ಗೋಡೆ, ಮರ, ರಸ್ತೆ ಇದ್ದ ಹಾಗೆ ಅದೂ ಒಂದು ಇರುತ್ತದೆ.

ಮಧ್ಯಾಹ್ನ ಲಾಡ್ಜಿನ ಮುಂದೆ ಕಾರು ನಿಲ್ಲಿಸಿದಾಗ ಎಲ್ಲೋ ಅಕ್ಕಿ ಮಿಲ್ಲು ಓಡುತ್ತಿದೆ ಅಂದುಕೊಂಡೆ. ಹತ್ತು ಮಿಲ್ಲು ಒಟ್ಟಿಗೆ ಓಡಿದರೆ ಬರುವಂಥ ಸದ್ದು, ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ತೆಂಗಿನ ಸಾಲು ದಾಟಿ ಬಯಲಿಗೆ ಬಂದೆವು. ಕ್ಯಾಲೆಂಡರಿನಲ್ಲಿ ಕಂಡ ನೀಲಿ ಎಲ್ಲೂ ಇರಲಿಲ್ಲ. ಕಂದು ನೀರು ಆಕಾಶದ ತನಕ ಎದ್ದು ನಿಂತಿತ್ತು. ಕುರುಗೋಡಿನ ಗುಡ್ಡಗಳು ಬೇಸತ್ತು ಎದ್ದು ನಮ್ಮ ಕಡೆ ನಡೆದು ಬಂದಹಾಗೆ ಒಂದರ ಹಿಂದೊಂದು ಅಲೆ. ಬರುತ್ತವೆ, ಮುರಿಯುತ್ತವೆ, ಅಷ್ಟರಲ್ಲಿ ಹಿಂದೆ ಇನ್ನೊಂದು ಎದ್ದಿರುತ್ತದೆ. ಜೀವಮಾನವೆಲ್ಲ ಎಂಥ ರಾಶಿಯನ್ನು ಕಂಡರೂ ಎಷ್ಟು ಚೀಲ ಆದೀತು ಎಂದು ಕಣ್ಣಳತೆ ಹಾಕಿದವನು ನಾನು. ಅಂದು ಅಳತೆ ಹಾಕಲು ಹೋಗಿ ಕಣ್ಣೇ ಸೋತಿತು. ಇವಳು ನನ್ನ ಮಣಿಕಟ್ಟು ಹಿಡಿದಿದ್ದಳು. ತೆರೆದ ಬಾಯಿ ಮುಚ್ಚಲಿಲ್ಲ.

"ಅವ್ವಾ, ಇಷ್ಟ ದೊಡ್ಡ ಮನಿಗೆ ಬಂದೀಯೇನ ನೀ" ಎಂದಳು ಕೊನೆಗೆ, ನೀರಿಗೆ.

ಗಂಟು ತೆಗೆದು ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಸೀಟಿ ಕೇಳಿತು. ದಂಡೆಯ ಕಾವಲಿನವನು, ನನ್ನದೇ ವಯಸ್ಸು, ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಂಪು ಬಾವುಟವನ್ನೂ ದಂಡೆಯುದ್ದಕ್ಕೂ ಕಟ್ಟಿದ್ದ ಹಗ್ಗವನ್ನೂ ತೋರಿಸಿದ. ಮಳೆಗಾಲ ಮುಗಿಯುವ ತನಕ ಯಾರೂ ಹಗ್ಗ ದಾಟುವಂತಿಲ್ಲ.

"ಒಂದ್ ಹತ್ತ್ ಹೆಜ್ಜಿ ಬಿಡ್ರಿ ಸಾಕು" ಎಂದೆ.

"ಒಂದೂ ಇಲ್ಲ."

"ಐದು?"

"ಎಂತ ಮಾರಾಯ್ರೆ, ಬಾಳೆಕಾಯಿ ವ್ಯಾಪಾರವಾ ಇದು?"

ನಾನು ನನ್ನ ವಿದ್ಯೆ ಬಳಸಿದೆ, ಸುಮ್ಮನಾದೆ. ಅವನೂ ಸುಮ್ಮನಾದ. ಅವನ ಹಿಂದೆ ಕಡಲು ಮಾತ್ರ ಮಾತಾಡುತ್ತಲೇ ಇತ್ತು. ಇವಳು ಅವನಿಗೆ ಎಲ್ಲವನ್ನೂ ಹೇಳಿದಳು, ಸಿರುಗುಪ್ಪ, ಹೊಳೆ, ಬೂದಿ, ಕೊಡದೆ ಉಳಿದ ಹಿಡಿ ಅಕ್ಕಿ. ಅವನು ಸೀಟಿಯನ್ನು ಜೇಬಿಗೆ ಹಾಕಿಕೊಂಡ.

"ಅಕ್ಕಾ, ಬೇಜಾರು ಮಾಡ್ಕೊಬೇಡಿ. ತುಂಗಭದ್ರೆ ಈ ಕಡೆ ಬರೂದೇ ಇಲ್ಲ. ಅದು ಹೋಗೂದು ಮೂಡಲಕ್ಕೆ, ಆಚೆ ಕಡಲಿಗೆ."

ಇವಳು ನನ್ನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ?"

ಇಪ್ಪತ್ತೈದು ವರ್ಷ ನನ್ನ ಜೊತೆ ಬಾಳಿದವಳಿಗೆ ನನ್ನ ಮೌನದ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಬಾಯಿಬಿಟ್ಟು ಹೇಳಿದೆ. "ಗೊತ್ತಿತ್ತು."

"ಸಮುದ್ರದಾಗೂ ಅಗ್ಗದ್ದು ಹುಡುಕಿದಿರಿ" ಎಂದಳು. ಅಷ್ಟೇ. ಗಂಟನ್ನು ಸೆರಗಿಗೆ ಕಟ್ಟಿಕೊಂಡು ಲಾಡ್ಜಿನ ಕಡೆ ನಡೆದಳು.

ಪುಕ್ಕಟೆ ಊಟವನ್ನು ನಾನೊಬ್ಬನೇ ಉಂಡೆ. ಅದರ ರುಚಿ ಹೇಳುವಂಥದ್ದಲ್ಲ.

ಮರುದಿನ ಬೆಳಿಗ್ಗೆ ಅವಳು ಜಗುಲಿಯಲ್ಲಿ ಕೂತಿದ್ದಳು. ಕಣ್ಣು ಕಡಲ ಮೇಲಿತ್ತು. ನೀರಿನ ಅಂಚಿನಿಂದ ಮೋಡಗಳು ಏಳುತ್ತಿದ್ದವು. ಕಪ್ಪು ಎಮ್ಮೆಗಳ ಹಿಂಡು ಕೆರೆಯಿಂದ ಎದ್ದು ಬಂದ ಹಾಗೆ ಮೈಯಿಂದ ನೀರು ಸುರಿಸುತ್ತ, ನಮ್ಮ ಮಾಡಿನ ಮೇಲೆ ಹಾಯ್ದು, ಹಿಂದಿನ ಘಟ್ಟದ ಕಡೆ ಹೋಗುತ್ತಿದ್ದವು. ಲಾಡ್ಜಿನ ಒಡತಿ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ದೋಸೆ ತಂದಿಟ್ಟಳು. ಇವಳು ಮುಟ್ಟಲಿಲ್ಲ.

"ಇವೆಲ್ಲ ಎಲ್ಲಿಗಿ ಹೊಂಟಾವ್ರೀ ಅಕ್ಕಾರ?" ಎಂದು ಕೇಳಿದಳು, ಮೋಡ ತೋರಿಸಿ.

"ಘಟ್ಟದ ಮೇಲೆ. ನನ್ನ ತವರು ಅಲ್ಲೇ, ಬನವಾಸಿ ಬದಿ. ಮನೆ ಹಿಂದೆ ವರದಾ ಹೊಳೆ. ಇಲ್ಲಿ ಹೀಂಗೆ ಮೋಡ ಹೋಯ್ತು ಅಂದ್ರೆ ನಾಳೆ ಅಲ್ಲಿ ಹೊಳೆ ತುಂಬ್ತು ಅಂತ್ಲೇ ಲೆಕ್ಕ."

"ಆ ಹೊಳಿ ಎಲ್ಲಿಗಿ ಹೋಗತೈತಿ?"

"ಮತ್ತೆಲ್ಲಿಗೆ? ನಿಮ್ಮ ತುಂಗಭದ್ರೆಗೇ."

ಇವಳು ಒಮ್ಮೆ ಕಡಲು ನೋಡಿದಳು, ಒಮ್ಮೆ ತಲೆಯ ಮೇಲಿನ ಮೋಡ, ಒಮ್ಮೆ ಹಿಂದಿನ ಘಟ್ಟ. ನಾನೂ ಅವಳ ಕಣ್ಣಿನ ಹಿಂದೆಯೇ ಹೋದೆ. ಸಿರುಗುಪ್ಪದ ಗದ್ದೆಗಳು ಕುಡಿಯುವುದು ಆ ಹೊಳೆಯ ನೀರನ್ನೇ. ಅಷ್ಟು ವರ್ಷ ನನ್ನ ಚೀಲಗಳಲ್ಲಿ ತುಂಬಿ ಹೋದ ಅಕ್ಕಿ, ಅವಳ ಸೆರಗಿನ ತುದಿಯಲ್ಲಿದ್ದ ಆ ಒಂದು ಹಿಡಿ, ಎಲ್ಲವೂ ಒಂದು ಕಾಲಕ್ಕೆ ಮೋಡವಾಗಿ ಇಲ್ಲಿಂದ ಹೀಗೇ ಎದ್ದು, ಮಾಡಿನ ಮೇಲೆ ಹಾಯ್ದು, ಘಟ್ಟ ಹತ್ತಿ ಬಂದದ್ದು. ಯಾರೂ ದರ ಕೇಳಲಿಲ್ಲ, ಯಾರೂ ಅಳೆದು ಕೊಡಲಿಲ್ಲ.

"ಹಂಗಾದ್ರ ಹೊಳಿಗೆ ಆ ಕಡೆ ಸಮುದ್ರ ಗಂಡನ ಮನಿ" ಎಂದಳು ನಿಧಾನಕ್ಕೆ. "ಇದು ತವರುಮನಿ. ಹೊಳಿ ಉಡಿ ತುಂಬಾದು ಇದ. ಹಿಡಿ ಅಕ್ಕಿ ಕೊಡಾದು ತವರಿಗೇ ಅಲ್ಲೇನ್ರಿ?"

"ತವರಿಗೇ" ಎಂದೆ.

ತಟ್ಟೆ ಹತ್ತಿರ ಎಳೆದುಕೊಂಡು ಮೂರು ದೋಸೆ ತಿಂದಳು.

ಕಾವಲಿನವನು ನಮ್ಮನ್ನು ದೂರದಿಂದಲೇ ನೋಡಿ ಸೀಟಿ ಬಾಯಿಗಿಟ್ಟುಕೊಂಡ. ನಾನು ಕೈಯೆತ್ತಿ, "ಹೆಜ್ಜಿ ಕೇಳಾಕ ಬಂದಿಲ್ಲಪ್ಪ. ಹೆಂಗ ಕೊಡಬೇಕು ನೀವ ಹೇಳ್ರಿ" ಎಂದೆ. ಜೀವನದಲ್ಲಿ ಚೌಕಾಸಿ ಇಲ್ಲದೆ ನಾನಾಡಿದ ಮಾತು ಬಹುಶಃ ಅದೊಂದೇ. ಅವನು ತೆಂಗಿನ ಸಾಲಿನ ಪಕ್ಕ, ಹಗ್ಗದ ಈಚೆಗಿದ್ದ ಕಲ್ಲಿನ ಮೆಟ್ಟಿಲು ತೋರಿಸಿದ.

"ಅಲ್ಲಿ ಮೇಲಿನ ಮೆಟ್ಟಿಲಲ್ಲಿ ಕೂತ್ಕೊಳ್ಳಿ. ಮಧ್ಯಾಹ್ನ ಭರತ ಬರ್ತದೆ, ನೀರು ಏರ್ತದೆ. ನೀವು ಹೋಗೂದು ಬೇಡ, ಅದೇ ಬರ್ತದೆ. ನಾ ಪಕ್ಕದಲ್ಲೇ ಇರ್ತೆ."

ಕಾರಿನ ಡಿಕ್ಕಿಯಿಂದ ಚೀಲ ತಂದೆ. ಇಬ್ಬರೂ ಕೊಪ್ಪೆ ಹಾಕಿಕೊಂಡು ಕೂತೆವು. ಮೊದಲು ನೀರು ದೂರದಲ್ಲಿ ಮುರಿಯುತ್ತಿತ್ತು. ಆಮೇಲೆ ನೊರೆಯ ನಾಲಗೆಗಳು ಮರಳ ಮೇಲೆ ಸ್ವಲ್ಪ ಸ್ವಲ್ಪವೇ ಈಚೆ ಬಂದವು. ಹಗ್ಗದ ಕಂಬಗಳ ಬುಡ ಮುಳುಗಿತು. ಕೆಳಗಿನ ಮೆಟ್ಟಿಲು ಹೋಯಿತು. ಅದಕ್ಕೆ ಅವಸರವಿರಲಿಲ್ಲ, ನಮಗೂ ಇರಲಿಲ್ಲ. ಎರಡು ಗಂಟೆಯ ಹೊತ್ತು ನಾನು ಫೋನು ತೆಗೆಯದೆ, ಗಡಿಯಾರ ನೋಡದೆ ಕೂತಿದ್ದೆ.

ನಮ್ಮ ಪಾದದ ಕೆಳಗಿನ ಮೆಟ್ಟಿಲಿಗೆ ನೀರು ಬಂದಾಗ ಕಾವಲಿನವನು "ಈಗ" ಎಂದ. ಇವಳು ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಂಟು ಬಿಚ್ಚಿದಳು. ಅಕ್ಕಿ ಎರಡು ವರ್ಷಕ್ಕೆ ಸ್ವಲ್ಪ ಕಂದಿತ್ತು, ಬೇವಿನೆಲೆ ಪುಡಿಯಾಗಿತ್ತು. ಅರ್ಧವನ್ನು ತನ್ನ ಮುಷ್ಟಿಗೆ ತೆಗೆದುಕೊಂಡು ಉಳಿದದ್ದನ್ನು ನನ್ನ ಮುಂದೆ ಹಿಡಿದಳು.

"ನೀವೂ ಹಾಕ್ರಿ. ಹಾರ್ನ್ ಹೊಡದೋರು ನೀವ."

ಇಬ್ಬರೂ ಒಟ್ಟಿಗೆ ಹಾಕಿದೆವು. ಕಾಳುಗಳು ನೊರೆಯ ಮೇಲೆ ಒಂದು ಕ್ಷಣ ಬೆಳ್ಳಗೆ ನಿಂತವು. ನೀರು ಅವನ್ನು ಎಳೆದುಕೊಂಡು ಹಿಂದೆ ಸರಿಯಿತು. ಮುಂದಿನ ಅಲೆ ಮೇಲಿನ ಮೆಟ್ಟಿಲನ್ನೇ ಹತ್ತಿ ಇಬ್ಬರನ್ನೂ ಮಂಡಿಯ ತನಕ ತೋಯಿಸಿತು. ಇವಳು ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಕಾವಲಿನವನು ಇಬ್ಬರ ತೋಳೂ ಹಿಡಿದು ಮೇಲಕ್ಕೆಳೆದ.

ವಾಪಸು ಬರುವಾಗ ಬಳ್ಳಾರಿಯಲ್ಲಿ ಇಳಿಯದೆ ನೇರ ಸಿರುಗುಪ್ಪದ ದಾರಿ ಹಿಡಿದೆ. ಅವಳು ಕೇಳಿರಲಿಲ್ಲ. ಕೆಂಚನಗುಡ್ಡದಲ್ಲಿ ಹೊಳೆ ಕೆಂಪಾಗಿ ತುಂಬಿ ಹೋಗುತ್ತಿತ್ತು. ನಾನು ಕಾರು ನಿಲ್ಲಿಸಿ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ಅವಳು ದಂಡೆಗೆ ಇಳಿದು ನಿಂತಳು. ಹೆಂಗಿರತೈತಿ ಬಂದು ಹೇಳು ಎಂದು ಅತ್ತೆ ಕೇಳಿದ್ದರಲ್ಲ, ಅದನ್ನು ಹೇಳಬೇಕಿತ್ತು. ಬಹಳ ಹೊತ್ತು ಮಾತು ಹುಡುಕಿದಳು.

"ಅವ್ವಾ, ಅದು ಒಂದ್ ಗಳಿಗಿನೂ ಸುಮ್ಮನ ಇರಾದಿಲ್ಲ ನೋಡವಾ" ಎಂದಳು ಕೊನೆಗೆ. ಆಮೇಲೆ ನನ್ನ ಕಡೆ ತಿರುಗಿ ನೋಡಿ ಹೊಳೆಗೆ ಇನ್ನೊಂದು ಮಾತು ಸೇರಿಸಿದಳು. "ಇವ್ರಂಗಲ್ಲ."