ತುರುಬಿನ ಪೆನ್ನು

ಮೇಡಂ ಯಾರ ಮನೆ ಜಗಲಿ ಮೇಲೆ ಕೂತರೂ ಮೊದಲು ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. 'ಬರ್ಕೊಳೋದು ಆಮೇಲೆ, ಮೊದ್ಲು ಕೇಳಿಸ್ಕೊಳಿ' ಅನ್ನುವುದು ಅವರ ಮಾತು. ಹಲವು ದೇಶಗಳಲ್ಲಿ ಪಾಠ ಹೇಳಿ ಬಂದ ಪಾಂಡವಪುರದ ಹೆಣ್ಣುಮಗಳು ಅವರು. ವರ್ಷಕ್ಕೊಮ್ಮೆ ಹೊರದೇಶದ ವಿದ್ಯಾರ್ಥಿಗಳನ್ನು ನಮ್ಮ ಹಳ್ಳಿಗಳಿಗೆ ಕರೆತರುತ್ತಿದ್ದರು. ಡಿಗ್ರಿ ಮುಗಿಸಿ ಸುಮ್ಮನೆ ಕೂತಿದ್ದ ನನ್ನನ್ನು ಆ ವಿದ್ಯಾರ್ಥಿಗಳಿಗೆ ದುಭಾಷಿ ಮಾಡಿದವರೂ ಅವರೇ.

ಒಂದು ಬೆಳಿಗ್ಗೆ ಅಕ್ಕಿಹೆಬ್ಬಾಳಿನ ಹತ್ತಿರದ ಹಳ್ಳಿಯಲ್ಲಿ, ವಿದೇಶಿ ಸಂಸ್ಥೆಯೊಂದು ಕಟ್ಟಿಸಿಕೊಟ್ಟ ಶೌಚಾಲಯ ಹೇಗಿದೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಮನೆಯ ಅಜ್ಜಿ, 'ಅದ್ರಲ್ಲಿ ಸೌದೆ ತುಂಬಿವ್ನಿ ಕಣವ್ವ' ಅಂದರು. ಊರಿನ ಮಾನ ಹೋಗುತ್ತದೆಂದು ನಾನು, 'ತುಂಬಾ ಉಪಯೋಗ ಆಗಿದೆಯಂತೆ' ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಮೇಡಂ ನನ್ನ ಮುಖ ನೋಡಿದರು. ಬೈಯಲಿಲ್ಲ. 'ನಾವೇ ಸರಿಯಾಗಿ ಕೇಳಲಿಲ್ಲ ಅನ್ಸುತ್ತೆ' ಎಂದು ಅಜ್ಜಿಯ ಕಡೆ ತಿರುಗಿ, 'ಯಾಕವ್ವಾ ಸೌದೆ ತುಂಬಿದ್ರಿ?' ಅಂದರು.

'ಬಾಗ್ಲ ಅರಳಿಕಟ್ಟೆ ಕಡೀಕೆ ಮಡಗವ್ರೆ. ಅಲ್ಲಿ ಗಂಡುಸ್ರು ಕೂತಿರ್ತಾರೆ. ಅವರ ಕಣ್ಮುಂದೆ ಎಂಗವ್ವ ಓಗಾದು?'

ಈ ಸಲ ನಾನು ಮುಚ್ಚಿಟ್ಟಿದ್ದ ಸೌದೆಯನ್ನೂ ಸೇರಿಸಿ ಎಲ್ಲ ಹೇಳಿದೆ. ಹುಡುಗಿ ಎದ್ದು ಹೋಗಿ, ಶೌಚಾಲಯದ ಬಾಗಿಲಲ್ಲಿ ನಿಂತು ಕಟ್ಟೆಯತ್ತ ನೋಡಿ ಬಂದಳು. ಆಗ ಮೇಡಂ ತುರುಬಿನ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟು, 'ಈಗ ಬರ್ಕೊಳಪ್ಪ' ಅಂದರು.

ಇವತ್ತಿಗೂ ನನಗೆ ಅನ್ನ ಹಾಕುತ್ತಿರುವುದು ದುಭಾಷಿ ಕೆಲಸವೇ. ಅವತ್ತು ಬರೆದುಕೊಂಡದ್ದನ್ನು ಮೇಡಂ ಶೌಚಾಲಯ ಕಟ್ಟಿಸಿದ ಸಂಸ್ಥೆಗೆ ಕಳಿಸಿದ್ದರು. ಅದೇ ಸಂಸ್ಥೆ ಮರುವರ್ಷ ಸಂತೆಬಾಚಹಳ್ಳಿ ಕಡೆ ಕಟ್ಟಿಸಿದ ಶೌಚಾಲಯಗಳ ಬಾಗಿಲುಗಳು ಹಿತ್ತಲ ಕಡೆಗಿವೆ. ಆ ದಾರಿಯಲ್ಲಿ ಹೋದಾಗಲೆಲ್ಲ ಇಣುಕಿ ನೋಡುತ್ತೇನೆ. ಒಂದರಲ್ಲೂ ಸೌದೆಯಿಲ್ಲ.