ಉಡದಾರಕ್ಕೆ ಕಟ್ಟಿದ ಸಹಿ

ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಬಜ್ಜಿಗೆ ನಮ್ಮ ಸಾಹೇಬರ ದನಿಯನ್ನು ಮಾರಿದ ಮಹಾನುಭಾವ ನಾನೇ. ಇದನ್ನು ಮೊದಲೇ ಒಪ್ಪಿಕೊಳ್ಳದಿದ್ದರೆ ಬಸವರಾಜಪ್ಪನವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ.

ಹೊಸಪೇಟೆಯ ಕಚೇರಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್, ಅವರು ಟೆಂಡರ್ ನೋಡುವ ಸೂಪರಿಂಟೆಂಡೆಂಟ್. ನಮ್ಮಿಬ್ಬರಿಗೂ ಮೇಲಧಿಕಾರಿಯಾದ ಸಾಹೇಬರು ಕೂರುತ್ತಿದ್ದುದು ಬೇರೆ ಕಚೇರಿಯಲ್ಲಿ. ಟೆಂಡರೆಲ್ಲ ಆನ್‌ಲೈನ್ ಆದ ಮೇಲೆ ಸಹಿಗೆ ಪೆನ್ನು ಬೇಕಿಲ್ಲ, ಹೆಬ್ಬೆರಳಿನಷ್ಟು ದೊಡ್ಡ ಡಾಂಗಲ್ಲನ್ನು ಕಂಪ್ಯೂಟರಿಗೆ ಚುಚ್ಚಬೇಕು. ಎಷ್ಟೋ ಕಡೆ ಅದು ಆಪರೇಟರನ ಡ್ರಾಯರಿನಲ್ಲಿ, ಪಾಸ್‌ವರ್ಡ್ ಚೀಟಿಯ ಪಕ್ಕ ಸುಖವಾಗಿ ಮಲಗಿರುತ್ತದೆ. ಬಸವರಾಜಪ್ಪನವರು ಉಡದಾರಕ್ಕೆ ಕಟ್ಟಿಕೊಂಡಿದ್ದರು. ದಾರ ಗಿಡ್ಡ, ಹೊಟ್ಟೆ ದೊಡ್ಡದು. ಸಹಿ ಮುಗಿಯುವ ತನಕ ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಕಂಪ್ಯೂಟರಿಗೆ ಆತು ನಿಲ್ಲುತ್ತಿದ್ದರು. ಸರ್ವರ್ ನಿಧಾನವಾದರೆ ಚಹಾನೂ ಅಲ್ಲೇ. ಅವರು ನಿಲ್ಲುವ ಆ ಭಂಗಿಯನ್ನು ನಾನು ಅಣಕಿಸಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

"ನಗ್ರಿ, ನಗ್ರಿ. ಡ್ರಾಯರ್‌ನಾಗ ಇಟ್ರ ಊರ ಮಂದಿ ಎಲ್ಲಾ ಬಸವರಾಜಪ್ಪ ಆಗ್ತಾರ."

ಆ ವರ್ಷ ಹಾಸ್ಟೆಲ್ ಮಂಚಗಳ ಟೆಂಡರ್ ಬಂತು. ಹಿಂದೆ ಮಂಚ ಕೊಟ್ಟವನು ಗುತ್ತಿಗೆದಾರ ಮಲ್ಲಣ್ಣ. ಅರ್ಧ ಮುರಿದು, ಹುಡುಗರು ನೆಲದ ಮೇಲೆ ಮಲಗುತ್ತಿದ್ದರು. ಈ ಸಲ ಮರಿಯಮ್ಮನಹಳ್ಳಿಯ ವೆಲ್ಡರ್ ಹನುಮಂತ ಮೊದಲ ಬಾರಿಗೆ ಟೆಂಡರ್ ಹಾಕಲು ಹೊರಟಿದ್ದ. ಮಲ್ಲಣ್ಣ ನನ್ನನ್ನು ಮಿರ್ಚಿ ಅಂಗಡಿಗೆ ಕರೆದೊಯ್ದ.

"ಸಾಹೇಬ್ರ ದನಿ ಮಸ್ತ್ ತಗೀತಿಯಂತಲ್ಲೋ ತಮ್ಮಾ! ಒಂದ್ ಫೋನ್ ಹೊಡಿ. ಹತ್ತು ವರ್ಷ ಅನುಭವ ಇರಬೇಕಂತ ಕಂಡೀಶನ್ ಹಾಕ್ಸು. ಹನುಮಂತ ಹೊರಗ!"

ಮಿರ್ಚಿಗಿಂತ ಹೊಗಳಿಕೆಗೆ ಉಬ್ಬಿದೆ. ಗಂಟಲು ದಪ್ಪ ಮಾಡಿ, ಸಾಹೇಬರ ಕೆಮ್ಮನ್ನೂ ಸೇರಿಸಿ ಕಚೇರಿಯ ಲ್ಯಾಂಡ್‌ಲೈನಿಗೆ ಅಪ್ಪಣೆ ಹೊರಡಿಸಿದೆ.

"ಆತ್ರಿ ಸಾಹೇಬ್ರ," ಎಂದರು ಬಸವರಾಜಪ್ಪ, ಭಾಳ ವಿನಯದಿಂದ. "ಬರೆದು ಕಳಸ್ರಿ, ಹಾಕ್ತೀನಿ."

ಕೆಮ್ಮು ತೆಗೆಯಬಲ್ಲೆ, ಬರೆದು ಎಲ್ಲಿಂದ ಕಳಿಸಲಿ? ಕಂಡೀಶನ್ ಬೀಳಲಿಲ್ಲ. ಹನುಮಂತನ ದರವೇ ಕಡಿಮೆ ಬಂದು ಕೆಲಸ ಅವನಿಗಾಯಿತು.

ಬಸವರಾಜಪ್ಪ ಈಗ ನಿವೃತ್ತರಾಗಿ ಕಂಪ್ಲಿ ಸೇರಿದ್ದಾರೆ. ಅವರಿದ್ದ ಕುರ್ಚಿ ಕಂಡಾಗಲೆಲ್ಲ ನನಗೆ ಟೆಂಡರ್ ತೆರೆದ ಮರುದಿನವೇ ನೆನಪಾಗುತ್ತದೆ. ಮಲ್ಲಣ್ಣ ಬಂದವನೇ ಇಡೀ ಕಚೇರಿಯ ಎದುರು ಮೇಜು ಗುದ್ದಿದ: "ಖುದ್ದು ಸಾಹೇಬ್ರ ಫೋನ್ ಮಾಡಿ ಹೇಳಿದ್ರೂ ಕಂಡೀಶನ್ ಹಾಕ್ಲಿಲ್ಲಲ್ರೀ! ಏನ್ ಧಿಮಾಕ್ರೀ ನಿಮ್ದು?"

ನಾನು ಪ್ರಿಂಟರಿನ ಹಿಂದೆ ಬಗ್ಗಿ ಇಲ್ಲದ ಕಾಗದ ಹುಡುಕತೊಡಗಿದೆ. ಬಸವರಾಜಪ್ಪ ಕನ್ನಡಕ ತೆಗೆದು ಮೊದಲು ನನ್ನ ಬೆನ್ನನ್ನು ನೋಡಿದರು, ಆಮೇಲೆ ಅವನ ಮುಖವನ್ನು.

"ಫೋನ್ ಬಂದಿದ್ದು ನನ್ನ ಕಿವಿಗೆ. ನಾ ಯಾರಿಗೂ ಹೇಳಿಲ್ಲ. ನಿಮಗ ಹೆಂಗ ಗೊತ್ತಾತ್ರೀ, ಮಲ್ಲಣ್ಣೋರ?"